ತಲೆ ಇಡುವ ಕಡೆಯ ಗೋಡೆ

ಜುಲೈ 12, ಶನಿವಾರ. ಬೆಳಿಗ್ಗೆ 9.40ಕ್ಕೆ ಬರೆಯಲು ಕುಳಿತೆ.

ಮನೆ ಕೊಳ್ಳುವವರಿಗೆ, ಲೀಸ್‌ಗೆ ಹೋಗುವವರಿಗೆ ಆ ಮನೆಯನ್ನು ಮೊದಲೇ ಪರೀಕ್ಷಿಸಿ ವರದಿ ಬರೆದುಕೊಡುವುದು ನನ್ನ ಕೆಲಸ. ಇಲ್ಲಿಯವರೆಗೆ 118 ವರದಿ ಆಗಿವೆ. ಇದು 109ನೆಯದರ ಬಗ್ಗೆ.

ಜೂನ್ 3ರಂದು ರಿಚರ್ಡ್ಸ್ ಟೌನ್‌ನ ಹಳೇ ಮನೆಯೊಂದರ ಕೆಳಗಿನ ಭಾಗ ನೋಡಿದೆ. ಹಲಸೂರಿನಿಂದ ಅಲ್ಲಿಗೆ ಬರಲಿದ್ದವರು ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ಮಹಿಳೆ ಮತ್ತು ಅವರ ತಾಯಿ. ಗೇಟಿನಿಂದ ಶುರು ಮಾಡಿ, ನಡೆದ ದಾರಿಯಲ್ಲೇ ಬರೆಯುತ್ತಾ ಹೋಗುವುದು ನನ್ನ ಕ್ರಮ. ಗೇಟಿನ ಸಡಿಲ ಕೀಲು ಒಂದನೆಯ ಅಂಶ. ಒಟ್ಟು 62. ಅದರಲ್ಲಿ 47ನೆಯದು: ‘ಹಿಂಬದಿ ಕೋಣೆ, ದಕ್ಷಿಣ ಗೋಡೆ, ತೇವ ಹೆಚ್ಚು, ಗಮನಿಸುವುದು.’ ಯಾರು ಗಮನಿಸಬೇಕು, ಹೇಗೆ ಅಂತ ಬರೆಯಲಿಲ್ಲ. ಹೊಸದಾಗಿ ಬಣ್ಣ ಬಳಿದಿದ್ದರಿಂದ ಗೋಡೆ ನೋಡಲು ಚೆನ್ನಾಗಿಯೇ ಇತ್ತು. ತೇವ ಇದೆ ಎಂದದ್ದು ನನ್ನ ಮೀಟರ್ ಮಾತ್ರ.

28ರಂದು ಆ ಮಹಿಳೆ ಫೋನ್ ಮಾಡಿದರು. ತಾಯಿಗೆ ಮೊದಲೇ ಆಸ್ತಮಾ. ಮನೆಗೆ ಬಂದಾಗಿನಿಂದ ಕೆಮ್ಮು ನಿಲ್ಲುತ್ತಿಲ್ಲ, ಮಂಚ ಸರಿಸಿ ನೋಡಿದರೆ ಗೋಡೆಗೆ ಬೂಷ್ಟು ಹಿಡಿದಿದೆ ಎಂದರು. ಮಧ್ಯಾಹ್ನವೇ ಹೋದೆ. ಎಲ್ಲರ ಹಾಗೆ ಅವರೂ ದಕ್ಷಿಣಕ್ಕೆ ತಲೆ ಬರುವಂತೆ ಮಂಚ ಹಾಕಿದ್ದರು. ನಮ್ಮ ಮನೆಯಲ್ಲೂ ಹಾಗೇ. ದಿಕ್ಕು ಬರೆದವನು ನಾನೇ. ಅಲ್ಲಿ ಒಬ್ಬರ ತಲೆ ಬರುತ್ತದೆ ಎನ್ನುವುದು ಮಾತ್ರ ಹೊಳೆದಿರಲಿಲ್ಲ.

ವರದಿ ತೆಗೆದು, 47ರಲ್ಲಿದೆ ನೋಡಿ ಎಂದೆ. ಮಗಳು ಹತ್ತನೆಯ ಅಂಶದವರೆಗೆ ಓದಿ, ಗೇಟು, ನಲ್ಲಿ, ಸ್ವಿಚ್ಚು ಇಷ್ಟೇ ತಾನೇ ಅಂತ ಮುಚ್ಚಿಟ್ಟಿದ್ದರಂತೆ. ದಿವಾನದ ಮೇಲೆ ಕುಳಿತಿದ್ದ ತಾಯಿ ಉಸಿರು ಸುಧಾರಿಸಿಕೊಂಡು ಹೇಳಿದರು:

“ಮನೇಲಿ ಏನೇನಿದೆ ಅಂತ ಗೇಟಿಂದ ಬರ್ಕೊಂಡು ಬಂದಿದ್ದೀಯಪ್ಪ. ಯಾರಿರ್ತಾರೆ ಅಂತ ಕೇಳ್ಲೇ ಇಲ್ವಲ್ಲ.”

ಆ ಗೋಡೆಯ ಹಿಂದಿನ ಬಚ್ಚಲನ್ನೂ ನೋಡಿಕೊಂಡು ಬಂದು, ಅವತ್ತು ಸಂಜೆ ಕುಳಿತು 109ನ್ನು ಮತ್ತೆ ಬರೆದೆ. ಮೊದಲ ಪುಟದಲ್ಲಿ ಮೂರೇ ವಾಕ್ಯ: ಹಿಂಬದಿ ಕೋಣೆಯಲ್ಲಿ ಯಾರೂ ಮಲಗಬೇಡಿ. ಗೋಡೆಯ ಆಚೆ ಬಚ್ಚಲಿನ ಪೈಪ್ ಸೋರುತ್ತಿದೆ, ಮಾಲೀಕರಿಂದ ಸರಿ ಮಾಡಿಸಿ. ನಾನು ಅಳೆದು, ಒಣಗಿದೆ ಎಂದ ಮೇಲೆ ಮಂಚ ಹಾಕಿ. ಗೇಟಿನ ಕೀಲು ಕೊನೆಯ ಪುಟಕ್ಕೆ ಹೋಯಿತು. ಆಮೇಲಿನ ನಾಲ್ಕು ಮನೆಗಳಲ್ಲಿ, ಟೇಪ್ ಹಿಡಿಯುವ ಮೊದಲು, ಯಾರು ಎಲ್ಲಿ ಮಲಗುತ್ತಾರೆ ಎಂದು ಕೇಳಿದ್ದೇನೆ.

ಪೈಪ್ ಸರಿಯಾಗಿದೆ. ಗೋಡೆ ಇನ್ನೂ ಒಣಗಿಲ್ಲ. ತಾಯಿಯ ಕೆಮ್ಮು ಕಡಿಮೆಯಾಗಿದೆ, ಮಲಗುವುದು ಮಾತ್ರ ಹಾಲ್‌ನಲ್ಲೇ. ಕಳೆದ ಶನಿವಾರ ಅಳೆದಾಗ, ಇನ್ನೆಷ್ಟು ದಿನ ಎಂದು ಕೇಳಿದರು. ಇವತ್ತು 11ಕ್ಕೆ ಮತ್ತೆ ಹೋಗಬೇಕು, ಉತ್ತರ ಗೊತ್ತಿಲ್ಲ. ಸುಣ್ಣದ ಗಾರೆಯ ಹಳೇ ಗೋಡೆ, ಮೇಲೆ ಪ್ಲಾಸ್ಟಿಕ್ ಬಣ್ಣ. ಬಣ್ಣ ಕೆರೆದರೆ ಬೇಗ ಒಣಗುತ್ತದೆಯೇ, ಎಷ್ಟು ವಾರ ಬೇಕು? ಇಂಥ ಗೋಡೆ ಒಣಗಿಸಿದ ಗಾರೆ ಕೆಲಸದವರು, ಇಂಥ ಮನೆಯಲ್ಲಿ ಇದ್ದವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಆ ತಾಯಿಗೆ ಒಂದು ತಾರೀಖು ಹೇಳಬೇಕಾಗಿದೆ.