ಆದಿಲಕ್ಷ್ಮಿ ಮತ್ತು ಆರುವ ಪರದೆ

ಆದಿಲಕ್ಷ್ಮಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಹಲಸೂರಿನ ತವರುಮನೆಯಲ್ಲಿ ಇದ್ದಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಹೆಸರು ತೆಗೆದುಕೊಂಡಿದ್ದಳು. ಕುಕ್ಕರಿನ ಮುಂದೆ ನಿಂತು ಕೂಗದ ವಿಷಲ್‌ಗೆ ಬೈಯುವ ಹೆಂಗಸು ಅವಳು. ಇಂಥವಳನ್ನು ದೇವರು ತಂದು ಕಂಪ್ಯೂಟರಿನ ಮುಂದೆ ಕೂರಿಸಿದ. ಅಷ್ಟು ಸಾಲದು ಎಂದು, ಮನಸ್ಸಿಗೆ ಬಂದಾಗ ಕಣ್ಣು ಮುಚ್ಚಿಬಿಡುವ ಕಂಪ್ಯೂಟರನ್ನೇ ಹುಡುಕಿ ಕೊಟ್ಟ.

ಅಂಗಡಿ ಇರುವುದು ಟಿನ್ ಫ್ಯಾಕ್ಟರಿ ಸ್ಟಾಪಿನ ಬಸ್ಸುಗಳ ಗದ್ದಲಕ್ಕೆ ಬೆನ್ನು ಹಾಕಿದ ಒಂದು ಗಲ್ಲಿಯಲ್ಲಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಬಾಡಿಗೆ ಕರಾರು, ವೈಕುಂಠ ಸಮಾರಾಧನೆಯ ಪತ್ರಿಕೆ, ಗಲ್ಲಿಯ ಲೀಡರುಗಳ ಹುಟ್ಟುಹಬ್ಬದ ಫ್ಲೆಕ್ಸು, ಎಲ್ಲವೂ ಅಲ್ಲೇ ಹುಟ್ಟುತ್ತವೆ. ಒಂದು ಕಾಲಕ್ಕೆ ಅದು ಅವಳ ಮಾವ ಮುನಿಶಾಮಿಯವರ ಅಂಗಡಿ. ಅವರು ಬೋರ್ಡು ಬರೆಯುತ್ತಿದ್ದರು. ಕೆ.ಆರ್. ಪುರದಿಂದ ಹಲಸೂರಿನವರೆಗೆ ಹೋಟೆಲು, ಕಟಿಂಗ್ ಶಾಪು, ಮಟನ್ ಅಂಗಡಿಗಳ ತಲೆಯ ಮೇಲೆ ಅವರ ಅಕ್ಷರ ಕೂತಿತ್ತು. ಫ್ಲೆಕ್ಸು ಬಂತು, ಬ್ರಷ್ಷು ಒಣಗಿತು. ಶಿವಾಜಿನಗರದ ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್ ಕಲಿತಿದ್ದ ಸೊಸೆ ಕಂಪ್ಯೂಟರ್ ತಂದು ಇಟ್ಟಾಗ ಮಾವ ಒಂದು ವರ್ಷ ಅದರ ಕಡೆ ತಿರುಗಿಯೂ ನೋಡಲಿಲ್ಲ. ಸವತಿಯನ್ನು ಮನೆಗೆ ತಂದಂತೆ ಮುಖ ಗಂಟಿಕ್ಕಿಕೊಂಡು ಓಡಾಡಿದರು.

ಅದು ಬದಲಾದದ್ದು ಅತ್ತೆ ತೀರಿಕೊಂಡ ಮೇಲೆ. ಮುನಿಶಾಮಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ತಟ್ಟೆ ಇಟ್ಟರೆ ಎರಡು ತುತ್ತು, ಮಾತಾಡಿಸಿದರೆ ಒಂದು "ಹ್ಞೂಂ". ಡಾಕ್ಟರು ಬಂದು ನೋಡಿ, ಕಾಯಿಲೆ ಏನೂ ಇಲ್ಲ ಎಂದು ಹೇಳಿ ಹೋಗಿದ್ದೇ ಹೆಚ್ಚು ಭಯ ತಂದಿತ್ತು. ಒಂದು ದಿನ ಆದಿಲಕ್ಷ್ಮಿ ಕೆಲಸದ ಆತುರದಲ್ಲಿ, "ಮಾವ, ಒಸಿ ಹೋಗಿ ಶಟರ್ ಎತ್ತಿ, ದೀಪ ಹಚ್ಚಿ ಬರ್ತೀರಾ?" ಎಂದು ಬೀಗದ ಕೈಯನ್ನು ಹಾಸಿಗೆಯ ಮೇಲೆ ಎಸೆದು ಹೋದಳು. ಸಿಟ್ಟಿನಲ್ಲಿ ಎಸೆದದ್ದು. ಮುದುಕರು ಎದ್ದು ಹೋದರು. ಮಾರನೆಯ ದಿನ ಅವಳು ಹೇಳದೆಯೇ ಹೋದರು. ಅಂದಿನಿಂದ ಬೆಳಗ್ಗೆ ಸ್ನಾನ, ಹಣೆಗೆ ವಿಭೂತಿ, ಅಂಗಡಿಯ ಪೂಜೆ, ಆಮೇಲೆ ಮೂಲೆಯ ಸ್ಟೂಲಿನ ಮೇಲೆ ಕೂತು ಬಂದವರೊಡನೆಲ್ಲ ಹರಟೆ. ಮನುಷ್ಯ ಬದುಕಿಕೊಂಡರು.

ಪೂಜೆ ಎಂದರೆ ಅವರದು ಅಂತಿಂಥ ಪೂಜೆಯಲ್ಲ. ದೇವರ ಫೋಟೋಗೆ ಊದುಕಡ್ಡಿ ಸಾಕು, ಸಾಂಬ್ರಾಣಿ ಮಾತ್ರ ಕಂಪ್ಯೂಟರಿಗೇ ಆಗಬೇಕು. ಅನ್ನ ಕೊಡುವ ಯಂತ್ರ ಅದು. ಅದರಲ್ಲೂ ಪರದೆಗಲ್ಲ. "ಪರದೆ ಬರೀ ಮುಖ ಕಣಮ್ಮ, ಜೀವ ಇರೋದು ಕೆಳಗಡೆ ಡಬ್ಬದಲ್ಲಿ" ಎಂದು ಮೇಜಿನ ಕೆಳಗೆ ಬಗ್ಗಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಧೂಪಾರತಿಯನ್ನು ಸಿಪಿಯುವಿನ ಮೂತಿಗೇ ಹಿಡಿಯುತ್ತಿದ್ದರು. ಡಬ್ಬ ಆ ಹೊಗೆಯನ್ನು ಸುರುಳಿ ಸುರುಳಿಯಾಗಿ ಒಳಗೆಳೆದುಕೊಳ್ಳುತ್ತಿತ್ತು. ಮೊದಲ ಸಲ ಅದನ್ನು ಕಂಡಾಗ ಮಾವನ ಕಣ್ಣು ಅರಳಿತು. "ಆದಿ, ನೋಡಿಲ್ಲಿ, ನೋಡಿಲ್ಲಿ! ಸ್ವೀಕಾರ ಮಾಡ್ತಾ ಐತೆ!" ಎಷ್ಟು ದೇವಸ್ಥಾನ ಸುತ್ತಿದ್ದರೂ ಕೊಟ್ಟದ್ದನ್ನು ಹೀಗೆ ಕಣ್ಣೆದುರಿಗೆ ತೆಗೆದುಕೊಂಡ ದೇವರನ್ನು ಅವರು ಕಂಡಿರಲಿಲ್ಲ.

ಹೀಗೆ ವರ್ಷಗಳು ನಡೆದವು. ಈ ಬೇಸಿಗೆಯಲ್ಲಿ ಕಂಪ್ಯೂಟರ್ ಆರತೊಡಗಿತು.

ನಿಖಿತಾ ಎಂಬ ಹುಡುಗಿಯ ಮದುವೆ ಕಾರ್ಡಿನಲ್ಲಿ ಆದಿಲಕ್ಷ್ಮಿ ನವಿಲಿಗೆ ಬಣ್ಣ ತುಂಬುತ್ತಿದ್ದಾಗ ಪರದೆ ಕಪ್ಪಾಯಿತು. ನವಿಲೂ ಹೋಯಿತು, ವಧೂವರರೂ ಹೋದರು. ಟೈಪ್‌ರೈಟರಿನಲ್ಲಿ ಕಲಿತ ಕೈ ಅವಳದು. ಹೊಡೆದ ಅಕ್ಷರ ಹಾಳೆ ಬಿಟ್ಟು ಓಡಿಹೋಗಬಹುದು ಎಂದು ಆ ಕೈಗೆ ಇನ್ನೂ ನಂಬಿಕೆ ಬಂದಿಲ್ಲ. ಹಾಗಾಗಿ ಸೇವ್ ಮಾಡುವ ಅಭ್ಯಾಸವೂ ಇಲ್ಲ. ಹಾಳಾದ್ದು ಎಂದು ಬೈದು ಮತ್ತೆ ಆನ್ ಮಾಡಿದಳು. ಸ್ವಲ್ಪ ಹೊತ್ತು ನಡೆದು ಮತ್ತೆ ಆರಿತು. ವಿಶ್ರಾಂತಿ ಕೊಟ್ಟರೆ ಏಳುತ್ತಿತ್ತು, ದೊಡ್ಡ ಫ್ಲೆಕ್ಸು ತೆರೆದರೆ ಮಲಗುತ್ತಿತ್ತು. ಥೇಟ್ ಕೆಲಸಗಳ್ಳ.

ಗಂಡ ಲಕ್ಷ್ಮಿಕಾಂತ ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಫಿಟ್ಟರು. ಮಾತು ಕಡಿಮೆ, ತೀರ್ಮಾನ ಜಾಸ್ತಿ. "ಕರೆಂಟ್ ಪ್ರಾಬ್ಲಮ್" ಎಂದ. ಯುಪಿಎಸ್ ಹೊಸದು ಬಂತು. ಆರುವುದು ನಿಲ್ಲಲಿಲ್ಲ. ಆಗ ಅವನ ಎರಡನೆಯ ತೀರ್ಮಾನ ಹೊರಬಿತ್ತು. "ನೋಡು ಆದಿ, ಪಕ್ಕದ ಮೊಬೈಲ್ ಅಂಗ್ಡಿಯವ್ನು ಜಾಗ ಕೇಳ್ತಾನೇ ಅವ್ನೆ. ಈ ತಿಂಗ್ಳು ನೋಡಣ. ಇದು ಹಿಂಗೇ ಮಾಡಿದ್ರೆ ಅವ್ನಿಗೆ ಕೊಟ್ಬಿಡಣ. ನೀನು ಮಹದೇವಪುರದಾಗೆ ಯಾವ್ದಾದ್ರೂ ಅಪಾರ್ಟ್‌ಮೆಂಟ್ ಆಫೀಸಿಗೆ ಸೇರ್ಕೋ. ತಂಪಾಗಿ ಎಸಿಲಿ ಕೂತಿರ್ಬೋದು."

"ಮಾವ?" ಎಂದಳು ಅವಳು.

"ಅಪ್ಪ ಮನೇಲಿರ್ತಾರೆ."

ಅಪ್ಪ ಮನೆಯಲ್ಲಿದ್ದರೆ ಏನಾಗುತ್ತದೆ ಎಂದು ನೋಡಿದವಳು ಆದಿಲಕ್ಷ್ಮಿ, ತಟ್ಟೆ ಹಿಡಿದು ಆ ಬೆನ್ನಿನ ಮುಂದೆ ನಿಂತವಳು. ಎಸಿ ಯಾರಿಗೆ ಬೇಡ? ತನಗೇನೋ ಯಾವ ಕೆಲಸವಾದರೂ ನಡೆದೀತು. ಆದರೆ ಈ ಶಟರು ಮೇಲೇಳದಿದ್ದರೆ ಮಾವನೂ ಏಳುವುದಿಲ್ಲ.

ಆಮೇಲೆ ಅವಳು ನಿಂತಲ್ಲಿ ನಿಲ್ಲಲಿಲ್ಲ. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಕಲಬುರಗಿಯ ಭೀಮಾಶಂಕರ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವನು. ಮೆಟ್ಟಿಲಲ್ಲೇ ಅವನನ್ನು ಅಡ್ಡ ಹಾಕಿದಳು. "ಏನೂ ಆಗಂಗಿಲ್ರೀ ಅಕ್ಕಾರ. ರ್‍ಯಾಮ್ ತಗದು ರಬ್ಬರ್‌ಲೆ ತಿಕ್ಕಿ ಹಾಕ್ರಿ, ಓಡ್ತದ" ಎಂದ. ತಿಕ್ಕಿದಳು. ಪೆನ್ಸಿಲ್ ಗೀಟು ಅಳಿಸುವ ರಬ್ಬರು ಸವೆಯುವಷ್ಟು ತಿಕ್ಕಿದಳು. ಆಮೇಲೆ ಅವನೇ ಬಂದು ವೈರಸ್ ಇರಬಹುದೆಂದು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದ. ಅಷ್ಟಾದರೂ ಪರದೆ ಆರಿತು. ವೈರು ಬದಲಾಯಿಸಿದಳು, ಮೇಜಿನ ದಿಕ್ಕು ಬದಲಾಯಿಸಿದಳು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಮದುವೆ ಕಾರ್ಡಿನವರು ಬಂದರೆ ಕೂರಿಸಿ ಟೀ ಕೊಟ್ಟು, ಒಂದು ಕಣ್ಣು ಅವರ ಮೇಲೆ, ಇನ್ನೊಂದು ಪರದೆಯ ಮೇಲೆ ಇಟ್ಟುಕೊಂಡು ಬೆವರಿದಳು. ರಾತ್ರಿ ಹಾಸಿಗೆಯಲ್ಲೂ ಅವಳ ಬೆರಳುಗಳು ಮಡಚಿ ಬಿಚ್ಚಿ ಆಡುತ್ತಿದ್ದವು.

ಈ ತಳಮಳ ಮಾವನಿಗೂ ತಗುಲಿತು. ಒಂದು ಬೆಳಗ್ಗೆ ಮೇಜಿನ ಕೆಳಗಿನಿಂದಲೇ ಅವರು ಹೇಳಿದರು, "ಯಾಕೋ ಇತ್ತೀಚ್ಗೆ ಇದು ಹೊಗೆ ಒಳಕ್ಕೆ ತಗೊಂತಿಲ್ಲ ಕಣಮ್ಮ. ಸುಮ್ನೆ ಮುಖಕ್ಕೆ ವಾಪಸ್ ಬರ್ತೈತೆ. ಏನೋ ಮುನಿಸು ಮಾಡ್ಕೊಂಡೈತೆ."

"ಹಂಗಾರೆ ಸಾಯಂಕಾಲಾನೂ ಹಾಕಿ ಮಾವ. ಎರಡು ಹೊತ್ತೂ ಹಾಕಿ. ಜಾಸ್ತೀನೇ ಹಾಕಿ" ಎಂದಳು ಆದಿಲಕ್ಷ್ಮಿ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಹಲಸೂರು ಸಂತೆಬೀದಿಗೆ ತಾನೇ ಹೋಗಿ ಒಳ್ಳೆಯ ಸಾಂಬ್ರಾಣಿಯನ್ನೇ ಆರಿಸಿ ತಂದಳು. ಎರಡು ಹೊತ್ತು ಧೂಪ ನಡೆಯಿತು. ಕಂಪ್ಯೂಟರ್ ಈಗ ಆನ್ ಮಾಡಿದ ಸ್ವಲ್ಪ ಹೊತ್ತಿಗೇ ಆರತೊಡಗಿತು.

ಕೊನೆಗೆ ಶಿವಾಜಿನಗರದಿಂದ ಅಂಬ್ರೀನ್ ಬಂದಳು. ಅಲ್ಲಿ ಅಣ್ಣನ ಜೊತೆ ರಿಪೇರಿ ಅಂಗಡಿ ನಡೆಸುವ ಹುಡುಗಿ, ಬೆನ್ನಿಗೆ ಚೀಲ, ಕೈಯಲ್ಲಿ ಧೂಳು ಊದುವ ಬ್ಲೋವರು. ಮುನಿಶಾಮಿ ಆಗ ಹಿಂದಿನ ಮೂಲೆಯ ಸ್ಟೂಲಿನಲ್ಲಿ ಫ್ಲೆಕ್ಸ್ ಸುರುಳಿಗಳ ಮರೆಯಲ್ಲಿ ಕೂತಿದ್ದರು, ಅವಳು ಗಮನಿಸಲಿಲ್ಲ. ಡಬ್ಬದ ಪಕ್ಕದ ತಗಡು ಬಿಚ್ಚಿದಳು, ಟಾರ್ಚ್ ಬಿಟ್ಟಳು. ಒಳಗಿನ ಫ್ಯಾನಿನ ಮೇಲೆ ಕಂಬಳಿಯಂತೆ ಏನೋ ಕೂತಿತ್ತು. ಬೆರಳಿನಿಂದ ಕಿತ್ತರೆ ಅಂಟಂಟಾಗಿ ಬಂತು. ಮೂಸಿ ನೋಡಿದಳು.

"ಅಕ್ಕಾ, ಇದು ಲೋಬಾನ್ ಅಲ್ವಾ? ನಮ್ಮನೇಲಿ ಗುರುವಾರ ಗುರುವಾರ ಅಮ್ಮಿ ಹಾಕ್ತಾರೆ, ಅದೇ ವಾಸ್ನೆ."

"ಸಾಂಬ್ರಾಣಿ" ಎಂದಳು ಆದಿಲಕ್ಷ್ಮಿ.

"ಅದೇ ಅದೇ. ಫ್ಯಾನ್ ಗಾಳಿ ಜೊತೆ ಹೊಗೆನೂ ಎಳ್ಕೊಂಡಿದೆ. ಆ ಅಂಟಿಗೆ ರೋಡಿನ ಧೂಳೆಲ್ಲ ಕೂತು ಫ್ಯಾನ್ ಜಾಮ್ ಆಗಿದೆ. ಗಾಳಿ ಇಲ್ದೆ ಬಿಸಿ ಆಗ್ತದೆ, ಬಿಸಿ ಆದ್ರೆ ತಾನೇ ಆಫ್ ಆಗ್ತದೆ. ಬೇರೆ ಏನೂ ಪ್ರಾಬ್ಲಮ್ ಇಲ್ಲ." ಅಂಬ್ರೀನ್ ನಗುತ್ತಾ ಕೇಳಿದಳು, "ಯಾರಕ್ಕಾ ಅದು, ಪಾಪ ಈ ಮಿಷನ್‌ಗೆ ದಿನಾ ಹೊಗೆ ಕುಡಿಸಿರೋದು?"

ಆದಿಲಕ್ಷ್ಮಿಯ ಕಣ್ಣು ಅವಳ ಮಾತು ಕೇಳದೆ ಮೂಲೆಗೆ ಹೋಗಿಬಿಟ್ಟಿತು. ಮುನಿಶಾಮಿ ಎದ್ದರು. ಯಾರ ಮುಖವನ್ನೂ ನೋಡದೆ, ಚಪ್ಪಲಿ ಮೆಟ್ಟಿಕೊಂಡು ಗಲ್ಲಿಗಿಳಿದು ಹೋದರು. ಅಂಬ್ರೀನ್ ನಾಲಿಗೆ ಕಚ್ಚಿಕೊಂಡಳು.

ಡಬ್ಬವನ್ನು ಬೀದಿಗೆ ಒಯ್ದು ಅಂಬ್ರೀನ್ ಬ್ಲೋವರ್ ಹಿಡಿದಳು. ವರ್ಷಗಳ ಪೂಜೆ ಬೂದಿಬಣ್ಣದ ಚೂರುಗಳಾಗಿ ಹಾರಿತು. ಹೊಸ ಫ್ಯಾನು ಕೂತಿತು. ಆಮೇಲೆ ಕಂಪ್ಯೂಟರ್ ಆರಲೇ ಇಲ್ಲ. ಎಷ್ಟು ದೊಡ್ಡ ಫ್ಲೆಕ್ಸು ತೆರೆದರೂ ಜಪ್ಪಯ್ಯ ಎನ್ನಲಿಲ್ಲ. ಲಕ್ಷ್ಮಿಕಾಂತ ಬಂದು ನೋಡಿ, "ಸರಿ ಬಿಡು, ನಡೆಸ್ಕೋ" ಎಂದು ಮೊಬೈಲ್ ಅಂಗಡಿಯವನಿಗೆ ಇಲ್ಲ ಎಂದು ಹೇಳಿ ಕಳಿಸಿದ.

ಅಂಗಡಿ ಉಳಿಯಿತು. ಮಾವ ಮಾತ್ರ ಬರಲಿಲ್ಲ.

ಮೊದಲ ದಿನ ಮಂಡಿ ನೋವು ಎಂದರು. ಮಾರನೆಯ ದಿನ ಅದನ್ನೂ ಹೇಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ ಆ ಬೆನ್ನು ನೋಡಿ ಆದಿಲಕ್ಷ್ಮಿಗೆ ಅಳುವೂ ಬಂತು, ಕೋಪವೂ ಬಂತು. "ಮಾವ, ಎರಡು ಹೊತ್ತು ಹಾಕಿ ಅಂದಿದ್ದು ನಾನು. ಬೈಯೋದಾದ್ರೆ ನನ್ನ ಬೈಯಿರಿ" ಎಂದಳು.

"ನೀನು ಈಗಂದೆ. ನಾನು ಅಷ್ಟು ವರ್ಷದಿಂದ ಹಾಕ್ದೆ" ಎಂದರು ಅವರು ಗೋಡೆಗೇ. "ಮೊದ್ಲು ಅದನ್ನ ಕಂಡ್ರೆ ಆಗ್ತಿರ್ಲಿಲ್ಲ ನಂಗೆ. ಹಾಳಾಗೋಗ್ಲಿ ಅಂತ ಮನಸ್ನಾಗೆ ಶಾಪ ಹಾಕಿದ್ದೆ. ಆಮೇಲೆ ಒಳ್ಳೇದಾಗ್ಲಿ ಅಂತ ಕೈ ಮುಗ್ದೆ. ಶಾಪಕ್ಕೆ ಏನೂ ಆಗ್ಲಿಲ್ಲ, ಪೂಜೆಗೆ ಕೆಟ್ಟೋಯ್ತು. ಈ ಕೈಯೇ ಸರಿಯಿಲ್ಲ ಬಿಡಮ್ಮ. ನಾನು ಬರಲ್ಲ."

ಅವಳು ಏನು ಹೇಳಿದರೂ ಅವರಿಗೆ ನಾಟಲಿಲ್ಲ. ಅಂಗಡಿಯಲ್ಲಿ ಕೂತರೆ ಮನೆಯ ಚಿಂತೆ, ಮನೆಗೆ ಓಡಿ ಬಂದರೆ ಅಂಗಡಿಯ ಚಿಂತೆ. ತಪ್ಪದೆ ಓಡುತ್ತಿರುವ ಕಂಪ್ಯೂಟರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಹೆಚ್ಚು ಓಡಿದಷ್ಟೂ ಅದು ಮಾವನ ಮೇಲೆ ಸಾಕ್ಷಿ ಹೇಳಿದಂತೆ ಕಾಣುತ್ತಿತ್ತು.

ಒಂದು ಬೆಳಗ್ಗೆ ಅಂಗಡಿಯಿಂದ ಮನೆಗೆ ಓಡಿ ಬಂದು ಹಠ ಹಿಡಿದಳು. "ಬ್ಯಾಂಕಿಗೆ ಹೋಗ್ಬೇಕು ಮಾವ, ಅಂಗ್ಡೀಲಿ ಯಾರೂ ಇಲ್ಲ. ಒಂದು ಗಳಿಗೆ ಬಂದು ಕೂತ್ಕೊಳ್ಳಿ, ಏನೂ ಮುಟ್ಬೇಡಿ." ಮುದುಕರು ಗೊಣಗುತ್ತಾ ಬಂದರು. ಒಳಗೆ ಕಾಲಿಡಲಿಲ್ಲ. ಸ್ಟೂಲನ್ನು ಹೊಸ್ತಿಲಿನಾಚೆಗೆ ಎಳೆದುಕೊಂಡು, ಕಂಪ್ಯೂಟರಿಗೆ ತನ್ನ ಗಾಳಿಯೂ ಸೋಕದಿರಲಿ ಎನ್ನುವಂತೆ ಪಕ್ಕಕ್ಕೆ ತಿರುಗಿ ಕೂತರು.

"ಇದೊಂದು ಮುಗ್ಸಿ ಹೊರಡ್ತೀನಿ" ಎಂದು ಆದಿಲಕ್ಷ್ಮಿ ಕೂತಳು. ಪರದೆಯ ಮೇಲೆ ಸಂಜೀವಪ್ಪ ಎಂಬವರ ಮನೆಯ ಗೃಹಪ್ರವೇಶದ ಕಾರ್ಡು. ಬೆಳಗ್ಗೆ ಬೇಗ ಬಂದು ಮಾಡಿದ್ದು, ತೋರಣ, ಕಳಶ, ನೆಂಟರಿಷ್ಟರ ಉದ್ದನೆಯ ಹೆಸರುಗಳು, ಎಲ್ಲ ಸೇರಿ ಮುಗಿಯುವ ಹಂತದಲ್ಲಿತ್ತು. ಸೇವ್ ಮಾಡಿರಲಿಲ್ಲ. ಮಾಡೋಣವೇ ಎಂದು ಬೆರಳು ಎದ್ದಿತು. ಆ ಒಂದು ಕ್ಷಣ ಕಳೆದರೆ ತನ್ನ ಧೈರ್ಯವೂ ಕಳೆದುಹೋಗುತ್ತದೆ ಎನಿಸಿತು. ಮೇಜಿನ ಕೆಳಗೆ ಚಪ್ಪಲಿ ಬಿಟ್ಟಳು. ಯುಪಿಎಸ್‌ನಿಂದ ಕಂಪ್ಯೂಟರಿಗೆ ಕರೆಂಟು ಕೊಡುವ ಬೋರ್ಡಿನ ಸ್ವಿಚ್ಚು ಕಾಲಿನ ಹೆಬ್ಬೆರಳಿಗೆ ಸಿಕ್ಕಿತು. ಒತ್ತಿದಳು.

ಪರದೆ ಆರಿತು.

"ಅಯ್ಯಯ್ಯೋ! ಮತ್ತೆ ಹೋಯ್ತು ಮಾವ!"

ಮುನಿಶಾಮಿ ತಿರುಗಿದರು. ಎದ್ದು ಹೊಸ್ತಿಲು ದಾಟಿ ಬಂದು, ಕಪ್ಪು ಪರದೆಯನ್ನೂ ಸೊಸೆಯನ್ನೂ ನೋಡಿದರು. ಮೂಗೆಳೆದು ಗಾಳಿಯನ್ನು ಮೂಸಿದರು. "ನೀನೇನಾದ್ರೂ ಧೂಪ ಹಾಕಿದ್ದಾ?"

"ಇಲ್ಲ ಮಾವ. ಆವತ್ತಿಂದ ಒಂದು ಊದುಕಡ್ಡೀನೂ ಹಚ್ಚಿಲ್ಲ."

"ಆದ್ರೂ ಹೋಯ್ತಾ?"

"ಆದ್ರೂ ಹೋಯ್ತು ನೋಡಿ."

ಅಂಬ್ರೀನ್, ಕ್ಷಮಿಸಿಬಿಡು ತಾಯಿ ಎಂದು ಆದಿಲಕ್ಷ್ಮಿ ಮನಸ್ಸಿನಲ್ಲೇ ಶಿವಾಜಿನಗರದ ಕಡೆಗೆ ಕೈ ಮುಗಿದಳು. ಮುದುಕರ ಮುಖದಲ್ಲಿ ರಕ್ತ ಏರಿತು. ಅವರು ಸ್ಟೂಲನ್ನು ಒಳಗೆಳೆದು ಡಬ್ಬದ ಎದುರಿಗೇ ಹಾಕಿಕೊಂಡರು. ಆಮೇಲೆ ಶುರುವಾಯಿತು. ಕನ್ನಡದಲ್ಲಿ ಸಾಲದೆ ತಮಿಳಿಗೆ ಹೋಗಿ, ತಮಿಳಿನಲ್ಲೂ ಸಾಲದೆ ಮತ್ತೆ ಕನ್ನಡಕ್ಕೆ ಬಂದು ಆ ಯಂತ್ರವನ್ನು ಬೈದರು. ಅಷ್ಟು ವರ್ಷ ಸಾಂಬ್ರಾಣಿ ತಿಂದು ತನ್ನ ಮೇಲೇ ತಪ್ಪು ಹೊರಿಸಿತಲ್ಲ ಎಂದು ಬೈದರು. ಗಲ್ಲಿಯಲ್ಲಿ ಹೋಗುವವರು ನಿಂತು ನೋಡಿದರು. ಅಷ್ಟು ದಿನಗಳ ಮೇಲೆ ಮಾವನ ದನಿ ಅಂಗಡಿ ತುಂಬ ಕೇಳಿತು.

"ಇನ್ಮೇಲೆ ಇದಕ್ಕೆ ಧೂಪಗೀಪ ಏನಿಲ್ಲ" ಎಂದು ಅವರು ಕೊನೆಗೆ ತೀರ್ಪು ಕೊಟ್ಟರು. "ಉಪಕಾರ ಸ್ಮರಣೆ ಇಲ್ಲದ್ದು. ಬಾಗ್ಲಿಗೆ ಮಾತ್ರ ತೋರಿಸ್ತೀನಿ. ನಾಳೆ ಬೀಗದ ಕೈ ನಂಗೆ ಕೊಟ್ಟೋಗು. ನೀನು ಬರೋ ಹೊತ್ಗೆ ಅರ್ಧ ದಿನ ಆಗಿರ್ತೈತೆ."

"ಆಯ್ತು ಮಾವ."

"ಬ್ಯಾಂಕಿಗೆ ಹೋಗಲ್ವಾ?"

"ನಾಳೆ ಹೋಗ್ತೀನಿ" ಎಂದು ಅವಳು ಮೇಜಿನ ಕೆಳಗೆ ಬಗ್ಗಿ ಸ್ವಿಚ್ಚು ಹಾಕಿದಳು, ಅಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪರದೆ ಬೆಳಗಿತು. ಸಂಜೀವಪ್ಪನವರ ಕಾರ್ಡು ಎಲ್ಲೂ ಇರಲಿಲ್ಲ. ಮಾವ ಪಕ್ಕದಲ್ಲಿ ಕೂತು ಬೈಯುತ್ತಲೇ ಇದ್ದರು, ಆದಿಲಕ್ಷ್ಮಿ ಅಲುಗಾಡದೆ ಕೂತು ಮೊದಲ ಅಕ್ಷರದಿಂದ ಮತ್ತೆ ಹೊಡೆಯತೊಡಗಿದಳು.