ಬಾವುಟಕ್ಕೆ ಕಾದ ರಾಧಾಮಣಿ

ಊರಿಗಾಂನ ಗಣಿ ಕಾರ್ಮಿಕರ ಲೈನಿನ ಶೀಟು ಮನೆಯಲ್ಲಿ ಕೂತು ಕೆನಡಾದ ಎಡಪಂಥೀಯ ಚಳವಳಿಗಳ ಚರಿತ್ರೆ ಬರೆಯುವವಳು ರಾಧಾಮಣಿ ಒಬ್ಬಳೇ ಇದ್ದಾಳು. ಪಿಎಚ್‌.ಡಿ.ಗೆಂದು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಓಡಾಡುವಾಗಲೂ ಅವಳ ಕಣ್ಣು ಮೊಬೈಲಿನಲ್ಲೇ, ಕೆನಡಾದ ಹಳೇ ಕಾರ್ಮಿಕ ಪತ್ರಿಕೆಗಳ ಮೇಲೆ. "ಚಿನ್ನದ ಗಣಿ ಮೇಲೆ ಕುಂತ್ಕಂಡು ಎಲ್ಲೋ ಕಲ್ಲಿದ್ದಲು ಅಗೀತಾಳೆ" ಎಂದು ಪಕ್ಕದ ಮನೆಯ ಅಮ್ಮಾಜಮ್ಮ ಮೂಗು ಮುರಿಯುತ್ತಿದ್ದಳು. ರಾಧಾಮಣಿ ತಲೆ ಕೆಡಿಸಿಕೊಳ್ಳಲಿಲ್ಲ. ಗಣಿಗಿಳಿದವನ ಮಗಳು ತಾನು, ಇನ್ಯಾರು ಬರೆಯಬೇಕು ಎಂಬ ಹಮ್ಮು ಅವಳದು. ಇರಲಿ ಬಿಡಿ, ಅಷ್ಟೂ ಇರದಿದ್ದರೆ ಅಷ್ಟೆಲ್ಲ ಓದುವವರು ಯಾರು?

ಮೊನ್ನೆ ಬೆಳಗ್ಗೆ ಅಪ್ಪ ಸೆಲ್ವರಾಜ್ ತೀರಿಕೊಂಡರು. ಗಣಿಯ ದೂಳು ತುಂಬಿದ ಎದೆ ಕೊನೆಗೂ ಸೋತಿತ್ತು. ರಾಧಾಮಣಿಗೆ ಅಳು ಬರಲಿಲ್ಲ. ಮರಗಟ್ಟಿ ಕೂತವಳಿಗೆ ಬೇಕಿದ್ದದ್ದು ಒಂದೇ: ಲೈನಿನಲ್ಲಿ ಗಣಿಯವರು ಯಾರೇ ಸತ್ತರೂ ಕಾರ್ಮಿಕ ಸಂಘದವರು ಬಂದು ಹೊದಿಸುವ ಕೆಂಬಾವುಟ ಅಪ್ಪನ ಮೈಮೇಲೂ ಬೀಳಬೇಕು.

ಸಂಘದ ಹಿರಿಯ ಆರುಮುಗಂ ಬಂದರು. ಹಾರ ಹಾಕಿ, ಕೈಮುಗಿದು, ಬಾಗಿಲ ಕಡೆ ತಿರುಗಿದರು.

"ಮಾಮ, ಬಾವುಟ?"

ಆರುಮುಗಂ ಅವಳನ್ನು ಹಿತ್ತಿಲಿಗೆ ಕರೆದರು.

"ನೀನು ಕೈಗೂಸಾಗಿದ್ದಾಗ ದೊಡ್ಡ ಸ್ಟ್ರೈಕು ಕಣಮ್ಮ. ನಾವೆಲ್ಲ ಗೇಟಲ್ಲಿ ಕುಂತಿದ್ವಿ. ನಿಂಗೆ ಜ್ವರ, ಮನೇಲಿ ಗಂಜಿಗೂ ಗತಿಯಿಲ್ಲ. ನಿಮ್ಮಪ್ಪ ಕೆಲಸಕ್ಕೆ ಇಳಿದ್ಬಿಟ್ಟ. ಸಂಘ ಆಮೇಲೆ ಅವನ್ನ ಸೇರಿಸ್ಕೊಳ್ಳಲೇ ಇಲ್ಲ. ಮಗೀಗೆ ಗೊತ್ತಾಗೋದು ಬ್ಯಾಡ ಅಂತ ಲೈನೆಲ್ಲ ಬಾಯಿ ಮುಚ್ಕೊಂಡಿತ್ತು." ಕಂಕುಳ ಚೀಲ ಮುಟ್ಟಿ ಹೇಳಿದರು: "ಬಾವುಟ ಚೀಲದಲ್ಲೈತೆ. ನೀನು ಊಂ ಅಂದ್ರೆ ಹೊದಿಸ್ತೀನಿ, ಯಾರೇನಾದ್ರೂ ಅನ್ಕೊಳ್ಳಿ."

"ಹೊದ್ಸಿ ಮಾಮ."

ಬಾವುಟ ಬಿತ್ತು. ಯಾರೂ ತಡೆಯಲಿಲ್ಲ. ಬೇಕಿದ್ದದ್ದು ಸಿಕ್ಕಿದರೂ ರಾಧಾಮಣಿಯ ಒಳಗೆ ಏನೂ ಅಲುಗಲಿಲ್ಲ. ನೆನಪಾದದ್ದು ಹೋದ ತಿಂಗಳ ಒಂದು ಸಂಜೆ.

ಕೆನಡಾದ ಕಲ್ಲಿದ್ದಲು ಗಣಿಗಳ ಮುಷ್ಕರದ ಅಧ್ಯಾಯವನ್ನು ಅವಳು ಅಪ್ಪನಿಗೆ ಓದಿ ಹೇಳಿದ್ದಳು. ಮುಷ್ಕರ ಮುರಿದು ಕೆಲಸಕ್ಕೆ ಹೋದವರನ್ನು ದ್ರೋಹಿಗಳೆಂದು ಬರೆದ ಪುಟವನ್ನಂತೂ ದನಿ ಏರಿಸಿ ಎರಡು ಸಲ ಓದಿದ್ದಳು. ಹೇಗಿದೆ ಎಂದದ್ದಕ್ಕೆ ಅಪ್ಪ ಕೆಮ್ಮಿನ ನಡುವೆ ಕೇಳಿದ್ದು ಇಷ್ಟೇ:

"ಹಂಗೆ ಕೆಲಸಕ್ಕೆ ಹೋದೋರ ಮಕ್ಳನ್ನ ಅಲ್ಲಿ ಜನ ಮಾತಾಡಿಸ್ತಿದ್ರಾ?"

"ಅದೆಲ್ಲ ನನ್ನ ವಿಷ್ಯ ಅಲ್ಲಪ್ಪ" ಎಂದು ಅವಳು ಪುಟ ತಿರುಗಿಸಿದ್ದಳು.