ಆಯಿಯ ಬೆನ್ನು, ಕುರ್ಚಿಯ ಬೆನ್ನು

ನಮ್ಮ ಮನೆಯಲ್ಲಿ ಐದು ಕಾಲಿನ, ಐದೂ ಕಾಲಿಗೆ ಗಾಲಿ ಕಟ್ಟಿಕೊಂಡ, ಹೋದ ತಿಂಗಳವರೆಗೆ ನೀಲಿ ಬೆನ್ನೂ ಇದ್ದ ಒಂದು ಕುರ್ಚಿಯಿದೆ. ಬೆಟಗೇರಿಯ ನಮ್ಮ ಓಣಿಯ ಮನೆಗಳ ನೆಲ ಸಮತಟ್ಟಾಗಿರುವ ಗೋಜಿಗೆ ಎಂದೂ ಹೋಗಿಲ್ಲವಾದ್ದರಿಂದ ಅದು ಇಟ್ಟಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ದೇವರ ಮಾಡದ ಹತ್ತಿರ ಇದ್ದದ್ದು ಮಧ್ಯಾಹ್ನದ ಹೊತ್ತಿಗೆ ಹೊಸ್ತಿಲಲ್ಲಿ ನಿಂತು ಬೀದಿ ನೋಡುತ್ತಿರುತ್ತದೆ. ಒಮ್ಮೆಯಂತೂ ಬೆಕ್ಕನ್ನು ಕೂರಿಸಿಕೊಂಡು ಪಕ್ಕದ ಮನೆಯ ಹೊಸ ಸೊಸೆಯ ಹಿಂದೆ ಹೊರಟಿತ್ತು. ಉಳಿದ ಹೊತ್ತಿನಲ್ಲಿ ಬಣ್ಣ ಹಾಕಿದ ನೂಲಿನ ಲಡಿಗಳನ್ನು ಹೆಗಲ ಮೇಲೆ ಹೊತ್ತು ಒಣಗಿಸುವುದು ಅದರ ಕಾಯಕವಾಗಿತ್ತು. ಮನುಷ್ಯರು ಅದರ ಮೇಲೆ ಕೂತದ್ದು ಕಡಿಮೆ. ಹೀಗಿದ್ದೂ ಈ ಕುರ್ಚಿ ಜಗತ್ತಿನ ಒಂದು ದೊಡ್ಡ ಗುರಿಯನ್ನು ಈಡೇರಿಸಿದೆ ಎಂದು ಏಳು ಸಮುದ್ರದಾಚೆಯ ಒಂದು ಕಚೇರಿಯಲ್ಲಿ ಬರೆದಿಟ್ಟಿದ್ದಾರೆ. ಬರೆದವರನ್ನು ಬೈಯಬೇಡಿ. ಬರೆಸಿದವಳು ನಾನು.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಅವಳದು ಗುಂಡಿ ಮಗ್ಗ. ನೇಯುವವರು ನೆಲದ ಮೇಲೆ ಗುಂಡಿಯ ಅಂಚಿನಲ್ಲಿ ಕೂತು, ಕಾಲುಗಳನ್ನು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಬೆನ್ನ ಹಿಂದೆ ಆನಿಕೊಳ್ಳಲು ಗಾಳಿಯ ಹೊರತು ಏನೂ ಇಲ್ಲ. ಮದುವೆಯಾಗಿ ಬಂದಂದಿನಿಂದ ಹಾಗೆ ಕೂತ ಆಯಿ, ಈಗ ಮಗ್ಗದಿಂದ ಏಳಲು ಶುರು ಮಾಡಿದರೆ ಅಷ್ಟರಲ್ಲಿ ನಾನು ಗದಗ ಸ್ಟೇಷನ್ನಿಗೆ ಹೋಗಿ ಚಹಾ ಕುಡಿದು ಬರಬಹುದು. ಆನಿಕೆ ಇಲ್ಲದೆ ಇನ್ನು ಕೂರಕೂಡದು ಎಂದು ಡಾಕ್ಟರು ಹೇಳಿದ ದಿನವೇ ಅಪ್ಪ, ಗುಂಡಿ ಮುಚ್ಚಿಸಿ ಫರಸಿ ಹಾಕಿಸುವುದಾಗಿ ಘೋಷಿಸಿದ. ಆಯಿ ತಲೆ ಎತ್ತದೆ, "ಹಂಗಾರ ನನ್ನ ಒಳಗ ಕುಂದ್ರಿಸೇ ಮುಚ್ಚು" ಎಂದಳು.

ಆ ಹೊತ್ತಿಗೇ ಬಂದರು, ಒಂದು ಅಂತರರಾಷ್ಟ್ರೀಯ ಸಂಸ್ಥೆಯವರು. ಸಂಸ್ಥೆಯ ಹೆಸರು ಎಷ್ಟು ಉದ್ದವೆಂದರೆ ಬ್ಯಾನರು ಓಣಿಯ ಈ ತುದಿಯಲ್ಲಿ ಶುರುವಾಗಿ, ತಿರುವಿನಲ್ಲಿ ಬಾಗಿ, ಹಿಟ್ಟಿನ ಗಿರಣಿಯ ಮುಂದೆ ಮುಗಿಯುತ್ತಿತ್ತು. ನಿಮ್ಮ ತೊಂದರೆ ಏನೆಂದು ಕೇಳಿದರು. ನಡ ನೋಯುತ್ತದೆ ಎಂದಿತು ಓಣಿ. ಬರೆದುಕೊಂಡರು. ಸಭೆ ನಡೆದದ್ದು ಸಮುದಾಯ ಭವನದಲ್ಲಾದ್ದರಿಂದ, ವಿಮಾನಕ್ಕೆ ಹೊತ್ತಾಗಿದ್ದರಿಂದ, ಮಗ್ಗವನ್ನು ಯಾರೂ ನೋಡಲಿಲ್ಲ. ಬೆನ್ನುನೋವಿಗೆ ಒಳ್ಳೆಯ ಕುರ್ಚಿಯೇ ಮದ್ದು ಎಂದು ಎಲ್ಲೋ ಯಾರೋ ತೀರ್ಮಾನಿಸಿ, ಮಳೆಗಾಲ ಮುಗಿಯುವಷ್ಟರಲ್ಲಿ ಮನೆಗೊಂದು ಕುರ್ಚಿ ಬಂದಿಳಿಯಿತು. ನೆಲದಲ್ಲಿ ಕೂತು ನೇಯುವವರಿಗೆ ಮೊಣಕಾಲೆತ್ತರದ ಕುರ್ಚಿ! ಅದರ ಮೇಲೆ ಕೂತು ಲಾಳಿ ಹಿಡಿಯಬೇಕಾದರೆ ಆಯಿಯ ಕೈ ಪಾದದವರೆಗೆ ಬೆಳೆಯಬೇಕಿತ್ತು.

ಹೇಳಬಾರದಿತ್ತೇ ಎನ್ನುತ್ತೀರಿ. ಬೀಗರು ತಂದ ಸೀರೆಯ ಬಣ್ಣ ಕಣ್ಣಿಗೆ ಚುಚ್ಚಿದರೂ "ಭಾಳ ಚಲೋ ಐತ್ರಿ" ಎಂದು ಸೆರಗನ್ನು ಎರಡು ಸಲ ಸವರುವ ಊರು ನಮ್ಮದು. ಮನೆಗೆ ಬಂದವರು ಕೊಟ್ಟದ್ದನ್ನು ಅವರೆದುರೇ ಹಳಿದು ನಮಗೆ ಗೊತ್ತಿಲ್ಲ. ಅಭಿಪ್ರಾಯ ಕೇಳುವ ಕಾಗದ ಬಂತು. ಅಳುವ ಮೋರೆಯಿಂದ ಹಲ್ಲು ಕಿಸಿಯುವ ಮೋರೆಯವರೆಗೆ ಐದು ಮೋರೆಗಳು, ಒಂದಕ್ಕೆ ಗುರುತು ಹಾಕಬೇಕು. ನನ್ನ ಇಂಗ್ಲಿಷಿನ ಕೀರ್ತಿ ಅಷ್ಟರಲ್ಲಿ ಹುಲಕೋಟಿ ದಾಟಿ ಹೋಗಿದ್ದರಿಂದ ಇಡೀ ಓಣಿಯ ಕಾಗದ ತುಂಬಿದವಳು ನಾನೇ. ಒಂದು ಮನೆಯನ್ನೂ ಬಿಡದೆ ಎಲ್ಲರನ್ನೂ ನಗಿಸಿದೆ.

ಆಮೇಲೆ ಆ ಮೋರೆಗಳು ನಡೆದ ದಾರಿಯನ್ನು ನೆನೆದು ನನಗೆ ನಿದ್ದೆ ಕೆಟ್ಟಿದೆ. ಕಾಗದ ಒಯ್ದವನಿಗೆ ಮೇಲಿನವರ ಮುಂದೆ ಒಳ್ಳೆಯವನಾಗಬೇಕು. ಮೇಲಿನವರಿಗೆ ಅವರ ಮೇಲಿನವರ ಮುಂದೆ. ತೀರ ಮೇಲೆ ಕೂತವರಿಗೆ ದೇಶದೇಶಗಳ ಮುಂದೆ. ಹಸಿವು ಅಳಿಸುತ್ತೇವೆ, ನೋವು ಅಳಿಸುತ್ತೇವೆ ಎಂದು ಇಸವಿ ಗೊತ್ತುಮಾಡಿ ಗೋಡೆಗೆ ಬರೆದುಕೊಂಡವರು ಅವರು. ನಾನೂ ಪರೀಕ್ಷೆಗೆ ಮುಂಚೆ ಹಾಗೆಯೇ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುತ್ತೇನೆ, ಬಣ್ಣ ತುಂಬುವುದರಲ್ಲೇ ಅರ್ಧ ದಿನ ಕಳೆಯುತ್ತೇನೆ. ನೋವನ್ನು ಎಣಿಸಲಾಗುವುದಿಲ್ಲ, ಕುರ್ಚಿಯನ್ನು ಎಣಿಸಬಹುದು. ಹಾಗಾಗಿ ಮೆಟ್ಟಿಲು ಮೆಟ್ಟಿಲಾಗಿ ನಗುತ್ತ ಹತ್ತಿದ ಮೋರೆಗಳು ತುದಿ ಮುಟ್ಟಿದಾಗ, ಇದು ಯಾರ ಮೋರೆ ಎಂದು ಕೇಳುವವರೇ ಅಲ್ಲಿರಲಿಲ್ಲ.

ಹೋದ ತಿಂಗಳು ಕೊನೆಯ ಪರಿಶೀಲನೆಗೆ ಹೊಸ ಅಧಿಕಾರಿ ಬಂದರು. ಹಳಬರಿಗೆ ಬೇರೆ ದೇಶಕ್ಕೆ ವರ್ಗವಾಗಿತ್ತಂತೆ. ಬಾಗಿಲಿಗೆ ಬಗ್ಗಿ, ತೊಲೆಗೆ ಬಗ್ಗಿ, ಒಳಗೆ ಬಂದಮೇಲೂ ಬಗ್ಗಿಯೇ ನಿಂತ ಎತ್ತರದ ಮನುಷ್ಯ. ದುಭಾಷಿ, ಕೇಳಬೇಕೇ, ನಾನು. ಬೆಟಗೇರಿಯಲ್ಲಿ ಗುರಿ ತಲುಪಿಯಾಯಿತು, ಇನ್ನು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ನೇಕಾರರಿಗೂ ಇದೇ ಕುರ್ಚಿ ಎಂದರು. ಕುರ್ಚಿ ಹೇಗಿದೆ ಎಂದು ಆಯಿಯನ್ನು ಕೇಳಿದರು.

"ಭಾಳ ಚಲೋ ಐತ್ರಿ ಸಾಹೇಬ್ರ. ಲಡಿ ಒಣಗಿಸಾಕ ಇದರಂಥಾದ್ದ ಇಲ್ಲ."

ನಾನು ಮೊದಲ ಮಾತನ್ನು ಇಂಗ್ಲಿಷಿಗೆ ದಾಟಿಸಿ ಎರಡನೆಯದನ್ನು ನುಂಗಿದೆ. ಅಷ್ಟರಲ್ಲಿ ಮೂಲೆಯಿಂದ ಅಪ್ಪ, "ಅವ್ವಾ, ಇವರು ಹೋದಮ್ಯಾಲೆ ಗುಂಡಿ ಮುಚ್ಚಾಕ ಗೌಂಡಿ ಬರ್ತಾನ. ಮಗ್ಗದಾಗಿನ ನೂಲು ಬಿಚ್ಚಿಡು" ಎಂದ. ಆಯಿ ಮಗ್ಗದ ಕಟ್ಟಿಗೆಯ ಮೇಲೆ ಕೈ ಇಟ್ಟಳು, ಜ್ವರ ಬಂದ ಕೂಸಿನ ಹಣೆ ಮುಟ್ಟುವ ಹಾಗೆ. ಸಾಹೇಬರಿಗೆ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದೆ.

"ಲೇ ಹುಡುಗಿ, ಏನಂದಿ ಅವರಿಗೆ?"

"ಕುಂದ್ರಿ ಅಂದೆ, ಆಯಿ."

"ಎಲ್ಲಿ? ಕುರ್ಚಿ ಮ್ಯಾಲೇನು?"

"ಗುಂಡ್ಯಾಗ."

ಅವರು ಬೂಟು ಕಳಚಿ, ಮೂರು ಕಂತಿನಲ್ಲಿ ಮಡಚಿಕೊಂಡು ಇಳಿದರು. ಮೊಣಕಾಲು ಕಿವಿಗೆ ತಾಗಿತು. ಆಯಿ ಲಾಳಿ ಹೊಡೆಯಲು ಕಲಿಸಿದಳು. ಸ್ವಲ್ಪ ಹೊತ್ತಿಗೆ ಅವರು ಸುಸ್ತಾಗಿ ಹಿಂದಕ್ಕೆ ಆನಿಕೊಳ್ಳಲು ಹೋಗಿ, ಏನೂ ಸಿಗದೆ ಅಂಗಾತ ಬಿದ್ದರು. ಬಿದ್ದಲ್ಲಿಂದಲೇ ಮೇಲೆ ನಿಂತ ನೀಲಿ ಕುರ್ಚಿಯನ್ನು ಬಹಳ ಹೊತ್ತು ನೋಡಿದರು. ಆಗ ನಾನು ಎಲ್ಲವನ್ನೂ ಹೇಳಿಬಿಟ್ಟೆ, ಲಡಿಯ ಸಂಗತಿಯನ್ನೂ, ಓಣಿಯ ಮೋರೆಗಳನ್ನೆಲ್ಲ ನಗಿಸಿದವಳು ನಾನೆಂಬುದನ್ನೂ. ಅವರು ಸಿಟ್ಟಾಗಲಿಲ್ಲ. ತಾವು ತಂದಿದ್ದ ಪರಿಶೀಲನೆಯ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಬರೆಯಲು ಇದರಲ್ಲಿ ಜಾಗವಿಲ್ಲ, ಬೇರೆ ಹಾಳೆಯಲ್ಲಿ ಬರೆಯುತ್ತೇನೆ, ಆದರೆ ಕುರ್ಚಿಗಳು ಆಗಲೇ ಹೊರಟಿವೆ ಎಂದರು.

ಆಯಿಗೆ ಇಂಗ್ಲಿಷು ಬಾರದು. ಅವಳ ಕಣ್ಣು ಕುರ್ಚಿಯ ಮೇಲಿತ್ತು. "ಇದರ ಬೆನ್ನಷ್ಟ ಬಿಚ್ಚಾಕ ಬರೂದಿಲ್ಲೇನು?"

ಅಪ್ಪ ಕುರ್ಚಿಯನ್ನು ವಾಲಿಸಿ ಅದರ ಬೆನ್ನಿನ ನಟ್ಟುಗಳನ್ನು ನೋಡಿದ. ಆಮೇಲೆ ಸೈಕಲ್ ಬಿಚ್ಚುವ ಪಾನಾ ತಂದ. ಸಾಹೇಬರೇ ನಟ್ಟು ಹಿಡಿದರು. ನೀಲಿ ಬೆನ್ನು ಒಂದು ಹಲಗೆಗೆ ಸೇರಿ ಗುಂಡಿಯ ಅಂಚಿನಲ್ಲಿ ನಿಂತಿತು, ಆಯಿ ಇಳಿದು ಕೂತು ಆನಿಕೊಂಡು ಕಣ್ಣು ಮುಚ್ಚಿದಳು, ಗೌಂಡಿ ಬಂದವನು ಚಹಾ ಕುಡಿದು ವಾಪಸಾದ. ಕಾಗದದಲ್ಲಿ ಕೊನೆಯ ಪ್ರಶ್ನೆ ಉಳಿದಿತ್ತು: ಕುರ್ಚಿ ಸುಸ್ಥಿತಿಯಲ್ಲಿದೆಯೇ? ಅಳುವ ಮೋರೆಗೆ ಗುರುತು ಹಾಕಿದೆ. ಆ ಕುರ್ಚಿಯ ಬಗ್ಗೆ ನಾವು ಕೊಟ್ಟ ಮೊದಲ ಖರೆ ಉತ್ತರ ಅದು. ಮೇಲಿನವರು ಓದಿದರೆ ಬೆಟಗೇರಿಯಲ್ಲಿ ಒಂದು ಸೋಲು ಎಂದು ಬರೆದುಕೊಳ್ಳುತ್ತಾರೆ.

ಬೆನ್ನಿಲ್ಲದ ಕುರ್ಚಿಯ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಅದು ಈಗಲೂ ಇಟ್ಟಲ್ಲಿ ನಿಲ್ಲುವುದಿಲ್ಲ. ಒಂದು ಕಾಲು ನೆಲಕ್ಕೆ ಒತ್ತಿ ಹಿಡಿದಿದ್ದೇನೆ. ರಸ್ತೆಯಲ್ಲಿ ಲಾರಿಯ ಸದ್ದಾದಾಗಲೆಲ್ಲ ಎದ್ದು ಹೋಗಿ ನೀಲಿ ಬೆನ್ನುಗಳೇನಾದರೂ ಹಾದುಹೋದವೇ ಎಂದು ಇಣುಕುತ್ತೇನೆ. ಲಕ್ಷ್ಮೇಶ್ವರದಲ್ಲಿ ನನ್ನ ಸೋದರತ್ತೆಯದೂ ಗುಂಡಿ ಮಗ್ಗ. ಕುರ್ಚಿ ಬಂದರೆ ಅವಳೂ ಭಾಳ ಚಲೋ ಐತ್ರಿ ಎನ್ನುವವಳೇ. ಭಾನುವಾರ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ಅಪ್ಪನ ಪಾನಾ ಆಗಲೇ ನನ್ನ ಚೀಲ ಸೇರಿದೆ.